ನಕ್ಷೆಯ ಮೇಲಿನ ಚುಕ್ಕೆ

ಭಾಲ್ಕಿ, ಔರಾದ್ ತಾಲ್ಲೂಕುಗಳ ರೈತನಿಗೆ ದೇವಣಿ ತಳಿಯೆಂದರೆ ಬಲು ಹೆಮ್ಮೆ. ಎರೆಹೊಲದ ಉಳುಮೆಗೂ ಮನೆಯ ಹಾಲಿಗೂ ಅದೇ ಆಸರೆ. ಆದರೆ ಈ ತಳಿಗೆ ಹೆಸರು ಕೊಟ್ಟ ದೇವಣಿ ಎಂಬ ಊರು ಇರುವುದು ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ. ಸಂತೆಗೆಂದೋ ಜಾತ್ರೆಗೆಂದೋ ದನಗಳು ಗಡಿ ದಾಟಿ ಹೋಗುತ್ತವೆ, ಬರುತ್ತವೆ. ಅವುಗಳೊಡನೆ ರೋಗವೂ ದಾಟುತ್ತದೆ. ರೋಗಕ್ಕೆ ತಾಲ್ಲೂಕಿನ ಎಲ್ಲೆಯೂ ತಿಳಿಯದು, ರಾಜ್ಯದ ಗಡಿಯೂ ತಿಳಿಯದು.

ಆದುದರಿಂದ ಒಂದೊಂದು ಊರನ್ನೂ ಬೇರೆ ಬೇರೆಯಾಗಿ ನೋಡಿದರೆ ರೋಗ ನಡೆದ ದಾರಿ ಕಾಣುವುದಿಲ್ಲ. ಊರುಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ನೋಡಬೇಕು. ಈ ವಿಚಾರ ಹೊಸದಲ್ಲ. 1854ರಲ್ಲಿ ಲಂಡನ್ ನಗರದಲ್ಲಿ ಕಾಲರಾ ಹಬ್ಬಿದಾಗ, ಜಾನ್ ಸ್ನೋ ಎಂಬ ವೈದ್ಯರು ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ದಟ್ಟವಾಗಿದ್ದವು. ನೀರಿನಿಂದಲೇ ರೋಗ ಹರಡುತ್ತದೆಂಬ ಅವರ ವಾದಕ್ಕೆ ಅದು ಬಲವಾದ ಸಾಕ್ಷಿಯಾಯಿತು.

ಇಂದು ಇದೇ ಕಾರ್ಯಕ್ಕೆ ಉಪಗ್ರಹ ಹಾಗೂ ಗಣಕಯಂತ್ರಗಳ ನೆರವಿದೆ. ರೋಗ ಕಂಡ ಸ್ಥಳ, ಮಳೆ, ಉಷ್ಣತೆ, ಜಾನುವಾರುಗಳ ಸಂಖ್ಯೆ ಇವೆಲ್ಲವನ್ನೂ ಒಂದೇ ಭೂಪಟದ ಮೇಲೆ ಹೊಂದಿಸಿ ನೋಡಬಹುದು. ಬೆಂಗಳೂರಿನ ಯಲಹಂಕದಲ್ಲಿ 'ನಿವೇದಿ' ಎಂಬ ಸಂಕ್ಷಿಪ್ತ ಹೆಸರಿನ ರಾಷ್ಟ್ರೀಯ ಪಶುರೋಗ ಸಂಶೋಧನ ಸಂಸ್ಥೆಯಿದೆ. ಯಾವ ಜಿಲ್ಲೆಯಲ್ಲಿ ಯಾವ ರೋಗ ತಲೆದೋರಬಹುದೆಂಬುದನ್ನು ಅದು ಎರಡು ತಿಂಗಳು ಮುಂಚಿತವಾಗಿ ತಿಳಿಸುತ್ತದೆ. ನಕ್ಷೆಗೆ ನೆನಪಿನ ಶಕ್ತಿಯೂ ಉಂಟು. ನೆರಡಿ ರೋಗದ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯಬಲ್ಲವು. ಆ ರೋಗದಿಂದ ಸತ್ತ ದನವನ್ನು ಹೂತ ಜಾಗವನ್ನು ಊರು ಮರೆಯಬಹುದು. ಗುರುತು ಮಾಡಿಟ್ಟ ನಕ್ಷೆ ಮರೆಯದು.

ಆದರೂ ನಕ್ಷೆಯೇ ಎಲ್ಲವನ್ನೂ ಮಾಡಲಾರದು. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಹಬ್ಬಿತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ. ರೋಗ ಕಂಡ ಊರಿನ ಸುತ್ತ 5 ಕಿಲೋಮೀಟರ್‌ವರೆಗಿನ ದನಗಳಿಗೆ ಲಸಿಕೆ ಹಾಕಿ, ರೋಗಕ್ಕೆ ಬೇಲಿ ಕಟ್ಟುವುದು ಅದನ್ನು ತಡೆಯುವ ಒಂದು ಕ್ರಮ. ಬೇಲಿ ಕಟ್ಟಲು ನಡುವಿನ ಚುಕ್ಕೆ ಎಲ್ಲಿದೆಯೆಂದು ತಿಳಿಯಬೇಡವೆ? ಅದನ್ನು ಉಪಗ್ರಹ ಕಾಣಲಾರದು. ಹಸುವಿನ ಮೈಮೇಲಿನ ಗಂಟನ್ನು ಮೊದಲು ಕಾಣುವವರು ಕೊಟ್ಟಿಗೆಯಲ್ಲಿ ಅದರ ಮೈ ತಿಕ್ಕುವವರೇ.

ಕಂಡದ್ದನ್ನು ಕೆಲವರು ಮುಚ್ಚಿಡುತ್ತಾರೆ. ಹಾಲು ಮಾರಾಟವಾಗದು, ಸಂತೆಯಲ್ಲಿ ಎತ್ತಿಗೆ ಬೆಲೆ ಬಾರದು ಎಂಬ ಅಂಜಿಕೆ ಅವರದು. ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ನಿಜ ಹೇಳಿದವನಿಗೆ ನಷ್ಟವೇ ಬಹುಮಾನವಾಗದಂತೆ ನೋಡಿಕೊಳ್ಳುವುದು, ದನ ಸತ್ತರೆ ತಡವಿಲ್ಲದೆ ಪರಿಹಾರ ಕೊಡುವುದು ಸರ್ಕಾರದ ಹೊಣೆ. ಆದರೆ ಮುಚ್ಚಿಟ್ಟ ರೋಗದಿಂದ ಯಾರಿಗೆ ಲಾಭ? ನಕ್ಷೆಯಲ್ಲಿ ಆ ಊರು ನಿರೋಗಿಯಂತೆ ಕಾಣುತ್ತದೆ. ಲಸಿಕೆ ಬೇರೆಡೆಗೆ ಹೋಗುತ್ತದೆ. ನೆರೆಯ ಕೊಟ್ಟಿಗೆಗೂ ಬೆಂಕಿ ತಗಲುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಮನೆಯ ದನ ಮೇವು ಬಿಟ್ಟರೆ, ಜ್ವರದಿಂದ ನಡುಗಿದರೆ, ಹಿರಿಯರಿಗೆ ತಿಳಿಹೇಳಿ ಅಂದೇ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಒಂದು ಊರು ತಡಮಾಡದೆ ಇಟ್ಟ ಒಂದು ಚುಕ್ಕೆ ಹತ್ತು ಊರುಗಳ ಗೋಸಂಪತ್ತನ್ನು ಉಳಿಸಬಲ್ಲದು.