ಸೂಲಗಿತ್ತಿಗೆ ಲೆಕ್ಕ ಯಾಕೆ ಅಂತೀರಾ?

"ನರ್ಸ್ ಆಗೋ ಹುಡುಗಿಗೆ ರಿಸರ್ಚ್ ಯಾಕ್ರೀ? ಹೆರಿಗೆ ಮಾಡ್ಸೋಕೆ ಬಂದ್ರೆ ಸಾಕಲ್ವಾ?"

ಈ ಮಾತನ್ನು ಈ ಒಂದೇ ವರ್ಷದಲ್ಲಿ ಮೂರು ಜನರ ಬಾಯಲ್ಲಿ ಕೇಳಿದೆ. ಒಬ್ಬರು ನಮ್ಮ ಕನ್ನಡ ಸಂಘದ ಹಿರಿಯರು, ಬ್ಯಾಂಕಿನಿಂದ ನಿವೃತ್ತರು. ಇನ್ನೊಬ್ಬರು ಸ್ವತಃ ಡಾಕ್ಟರು. ಮೂರನೆಯವರು, ನಂಬಿದರೆ ನಂಬಿ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ! ಮೊದಲಿಬ್ಬರ ಮುಂದೆ ನಕ್ಕು ಸುಮ್ಮನಾದೆ. ಮೂರನೆಯ ಸಲ ಮಾತ್ರ ಮೈ ಉರಿಯಿತು. ಆ ಉರಿಯೇ ಈ ಬರಹ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಹಿನ್ನೆಲೆ ಇಷ್ಟು. ನನ್ನ ತಂಗಿಯ ಮಗಳು ಊರ ಕಡೆ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಅವರಿಗೆ ರಿಸರ್ಚ್ ಮತ್ತು ಸ್ಟಾಟಿಸ್ಟಿಕ್ಸ್ ಅಂತ ಒಂದು ವಿಷಯ ಉಂಟು, ಒಂದು ಪ್ರಾಜೆಕ್ಟೂ ಮಾಡಬೇಕು. ಈ ಹುಡುಗಿ ಒಂದು ಯೋಚನೆ ಮಾಡಿದಳು. ತಾನು ಡ್ಯೂಟಿ ಮಾಡುವ ಲೇಬರ್ ರೂಮಿನಲ್ಲಿ ಮೂರು ತಿಂಗಳಲ್ಲಿ ಎಷ್ಟು ಜನ ತಾಯಂದಿರಿಗೆ ಕಟ್ ಹಾಕಿದರು, ಅದಕ್ಕೆ ಕೇಸ್ ಪೇಪರಿನಲ್ಲಿ ಕಾರಣ ಬರೆದಿದೆಯೋ ಇಲ್ಲವೋ ಅಂತ ಎಣಿಸೋಣ ಅಂದಳು. ಅಷ್ಟೇ. ಮೇಡಂ ಹೇಳಿದ್ದು: "ಆಸ್ಪತ್ರೆಯವರು ಸಿಟ್ಟಾಗ್ತಾರೆ. ಎಲ್ಲರ ಹಾಗೆ ಟೀಚಿಂಗ್ ಪ್ರೋಗ್ರಾಂ ತಗೋ. ನರ್ಸಿಗೆ ಇವೆಲ್ಲ ಯಾಕೆ?"

ಯಾಕೆ ಅಂತ ಹೇಳ್ತೀನಿ ಕೇಳಿ.

1840ರ ದಶಕದ ವಿಯೆನ್ನಾ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರ ವಾರ್ಡಿನಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಸಾಯುತ್ತಿದ್ದರು, ಸೂಲಗಿತ್ತಿಯರ ವಾರ್ಡಿನಲ್ಲಿ 4ಕ್ಕಿಂತ ಕಡಿಮೆ. ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಎರಡೂ ವಾರ್ಡಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದ. ಶವ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಬಸುರಿಯರನ್ನು ಮುಟ್ಟುತ್ತಿದ್ದರು, ಸೂಲಗಿತ್ತಿಯರಿಗೆ ಶವದ ಕೆಲಸ ಇರಲಿಲ್ಲ. 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ, ಸಾವು ಇಳಿಯಿತು. ಗಮನಿಸಿ, ರೋಗಾಣು ಅಂದರೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎಣಿಸುವುದು, ಹೋಲಿಸುವುದು. ಆ ವಾರ್ಡಿನ ದೊಡ್ಡ ದೊಡ್ಡ ಪ್ರೊಫೆಸರುಗಳಿಗೆ ಅನುಭವ ಕಡಿಮೆ ಇತ್ತೇ? ಬೇಕಾದಷ್ಟಿತ್ತು! ಅನುಭವದ ಜೊತೆಗೇ ಹೆಣಗಳೂ ಹೋಗುತ್ತಿದ್ದವು.

ಅದೆಲ್ಲ ಹಳೇ ಕಥೆ ಅಂತೀರಾ? ಹಾಗಾದರೆ ನಮ್ಮ ಕಾಲಕ್ಕೇ ಬರೋಣ. ನನ್ನ ವಯಸ್ಸಿನ ಹೆಂಗಸರಿಗೆಲ್ಲ ಗೊತ್ತು, ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಮೂರು ಮರ್ಯಾದೆ: ಶೇವಿಂಗ್, ಎನಿಮಾ, ಕೊನೆಗೆ ಕತ್ತರಿ. ನನ್ನ ಚೊಚ್ಚಲ ಹೆರಿಗೆ 1986ರಲ್ಲಿ, ಇಲ್ಲೇ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ. ಮೂರೂ ಆಯಿತು. ಯಾಕೆ ಅಂತ ಕೇಳಿದ್ದಕ್ಕೆ ಸಿಸ್ಟರ್ ಮರಾಠಿಯಲ್ಲಿ "ಇಥೇ ಅಸಂಚ್ ಅಸತಂ" ಅಂದಳು. ಇಲ್ಲಿ ಹೀಗೇ ಇರುತ್ತೆ. ಆ ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ, ಅವಳಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ನನ್ನ ಕೋಪ ಆ ಉತ್ತರದ ಮೇಲೆ.

ಯಾಕೆಂದರೆ ಆ ಹೊತ್ತಿಗಾಗಲೇ ಉತ್ತರ ಇತ್ತು! ಶೇವಿಂಗ್ ಮಾಡಿದರೆ ಸೋಂಕು ತಗಲುವುದಿಲ್ಲ ಅಂತ ನಂಬಿಕೆ ತಾನೇ? ಅಮೆರಿಕದಲ್ಲಿ 1922ರಲ್ಲೇ 389 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ್ದರು. ಶೇವ್ ಮಾಡಿದವರಿಗೆ ವಿಶೇಷ ಲಾಭವೇನೂ ಕಾಣಲಿಲ್ಲ. ಆಮೇಲೂ ಅರವತ್ತು ವರ್ಷ ಬ್ಲೇಡು ಓಡುತ್ತಲೇ ಇತ್ತು. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮೋನಾ ರಾಮ್ನಿ ಎಂಬ ಮಿಡ್‌ವೈಫ್ ಶೇವಿಂಗ್ ಮತ್ತು ಎನಿಮಾ ಎರಡನ್ನೂ ಹೀಗೆಯೇ ಪರೀಕ್ಷಿಸಿ, ಎಲ್ಲರಿಗೂ ಕಡ್ಡಾಯವಾಗಿ ಮಾಡುವುದಕ್ಕೆ ಆಧಾರವಿಲ್ಲ ಅಂತ ತೋರಿಸಿದಳು.

ಕತ್ತರಿಯ ಕಥೆ ಇನ್ನೂ ಚೆನ್ನಾಗಿದೆ. ನಾವೇ ನೇರವಾಗಿ ಕತ್ತರಿಸಿದರೆ ಮೈ ತಾನಾಗಿ ಹರಿಯುವುದು ತಪ್ಪುತ್ತೆ ಅಂತ ಪುಸ್ತಕಗಳೇ ಹೇಳುತ್ತಿದ್ದವು. ರೆಡಿಂಗ್ ಊರಿನ ಆಸ್ಪತ್ರೆಯಲ್ಲಿ ಜೆನ್ನಿಫರ್ ಸ್ಲೀಪ್, ಇವಳೂ ಮಿಡ್‌ವೈಫ್, 1000 ಹೆಂಗಸರ ಮೇಲೆ ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದಳು. ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದು ಗುಂಪಿನಲ್ಲಿ 10%, ಇನ್ನೊಂದರಲ್ಲಿ 51% ಹೆಂಗಸರಿಗೆ ಕಟ್ ಬಿತ್ತು. ಮಕ್ಕಳ ಸ್ಥಿತಿ, ತಾಯಂದಿರ ನೋವು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. 1993ರಲ್ಲಿ ಅರ್ಜೆಂಟೀನಾದಲ್ಲಿ 2606 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಎಲ್ಲರಿಗೂ ಕಟ್ ಹಾಕುವ ಗುಂಪಿನಲ್ಲಿ ಗಂಭೀರವಾಗಿ ಹರಿದದ್ದು 1.5%, ಬೇಕಾದವರಿಗೆ ಮಾತ್ರ ಹಾಕಿದ ಗುಂಪಿನಲ್ಲಿ 1.2%. ತಪ್ಪಿಸುತ್ತೆ ಅಂದಿದ್ದನ್ನು ಕತ್ತರಿ ತಪ್ಪಿಸಲೇ ಇಲ್ಲ. ಹಾಗಂತ ಕತ್ತರಿ ಎಂದೂ ಬೇಡ ಅಂತಲ್ಲ, ಮಗು ಕಷ್ಟದಲ್ಲಿದ್ದಾಗ ಬೇಕಾಗಬಹುದು. ಎಲ್ಲರಿಗೂ ರೂಢಿಯಂತೆ ಹಾಕುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಹೊಟ್ಟೆ ಮೇಲೆ ಕೈಯಿಟ್ಟು ಒತ್ತಿ ಮಗುವನ್ನು ತಳ್ಳುವುದೂ ಬೇಡ ಅಂದಿದೆ.

ಈಗ ಹೇಳಿ, ಈ ಪ್ರಶ್ನೆಗಳನ್ನು ಕೇಳಿದವರು ಯಾರು? ತಾಯಿಯ ಪಕ್ಕದಲ್ಲಿ ರಾತ್ರಿಯಿಡೀ ನಿಂತವರು. ಆ ಹೊಲಿಗೆಯ ನೋವಿನಲ್ಲಿ ಕೂರಲಾಗದೆ ಒದ್ದಾಡುವ ಬಾಣಂತಿಯನ್ನು ನೋಡಿದವರು. "ನರ್ಸಿಗೆ ಇವೆಲ್ಲ ಯಾಕೆ" ಅಂತ ಅವರೂ ಸುಮ್ಮನಿದ್ದಿದ್ದರೆ?

ಇನ್ನೊಂದು ಗುಂಪಿನವರಿದ್ದಾರೆ. ಅವರ ವಾದ ಉಲ್ಟಾ. "ನಮ್ಮ ಅಜ್ಜಿಯರ ಕಾಲದಲ್ಲಿ ಸೂಲಗಿತ್ತಿ ಬಂದು ಬಿಸಿನೀರು ಕಾಸಿ ಹೆರಿಗೆ ಮಾಡಿಸುತ್ತಿದ್ದಳು, ಯಾವ ರಿಸರ್ಚ್ ಇತ್ತು?" ಅಂತ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಜೊತೆಗೆ ಪಾವಗಡದ ಸೂಲಗಿತ್ತಿ ನರಸಮ್ಮನವರ ಫೋಟೋ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಆ ತಾಯಿಗೆ ನನ್ನದೂ ನಮಸ್ಕಾರ. ಆದರೆ ಎಲ್ಲ ಹಳ್ಳಿಗೂ ನರಸಮ್ಮ ಇರಲಿಲ್ಲ ಸ್ವಾಮಿ. ನಮ್ಮ ಅಜ್ಜಿಯರು ಹತ್ತು ಹೆತ್ತು ಐದು ಉಳಿಸಿಕೊಂಡ ಕಥೆ ಎಲ್ಲ ಮನೆಯಲ್ಲೂ ಇದೆ. ಉಳಿದವರ ಮೊಮ್ಮಕ್ಕಳು ನಾವು, ಅದಕ್ಕೇ ಉಳಿದವರ ಕಥೆ ಮಾತ್ರ ನಮಗೆ ಗೊತ್ತು. ಸತ್ತ ಬಾಣಂತಿಗೆ ಕಥೆ ಹೇಳಲು ಮೊಮ್ಮಕ್ಕಳಿಲ್ಲ. ಅನುಭವದ ದೊಡ್ಡ ದೋಷವೇ ಇದು, ತಪ್ಪಿಹೋದದ್ದನ್ನು ಅದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಈ ವಿಷಯದಲ್ಲಿ ಅಜ್ಜಿಯ ಅನುಭವಕ್ಕೂ ಪ್ರೊಫೆಸರ ಅನುಭವಕ್ಕೂ ವ್ಯತ್ಯಾಸವಿಲ್ಲ.

"ಇದೆಲ್ಲ ಫಾರಿನ್ನಿನಲ್ಲಿ, ನಮ್ಮಲ್ಲಿ ಆಗೋದಲ್ಲ" ಅನ್ನುವವರಿಗೆ ನಮ್ಮ ಬೆಳಗಾವಿಯ ಕಥೆ ಹೇಳಬೇಕು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಹೆರಿಗೆಯಾದ ಮೇಲೆ ರಕ್ತ ಹರಿದು ಸಾಯುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಸಾಕಾಗುತ್ತದೆಯೇ ಅನ್ನುವುದು ಪ್ರಶ್ನೆ. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಎಎನ್‌ಎಂಗಳು, ನಾವು ಊರಲ್ಲಿ "ನರ್ಸಬಾಯಿ" ಅನ್ನುತ್ತೇವಲ್ಲ, ಅವರು. 1620 ತಾಯಂದಿರು. ಅರ್ಧ ಜನಕ್ಕೆ ಔಷಧ, ಉಳಿದವರಿಗೆ ನೋಡಲು ಅದೇ ಥರದ ಖಾಲಿ ಮಾತ್ರೆ. ಖಾಲಿ ಮಾತ್ರೆಯವರಲ್ಲಿ 12% ಜನಕ್ಕೆ ಅತಿಯಾಗಿ ರಕ್ತ ಹೋಯಿತು, ಔಷಧ ತಗೊಂಡವರಲ್ಲಿ 6.4%. ಹತ್ತಿರ ಹತ್ತಿರ ಅರ್ಧ! 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಇದೇ ಉಪಯೋಗಕ್ಕೆ ಈ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಿತು.

ಅದೇ ಕೆಲಸದಿಂದ ಇನ್ನೊಂದು ವಸ್ತು ಹುಟ್ಟಿತು. ಎಷ್ಟು ರಕ್ತ ಹೋಯಿತು ಅಂತ ಕಣ್ಣಂದಾಜಿನಲ್ಲಿ ಹೇಳುವುದು ಎಲ್ಲ ಕಡೆಯ ರೂಢಿ. ಇವರು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಗೆ ಗೆರೆ ಎಳೆದ ಚೀಲ ಜೋಡಿಸಿದರು. ಅಳೆದು ನೋಡಿದರೆ ಕಣ್ಣಂದಾಜು ಚೀಲದ ಲೆಕ್ಕಕ್ಕಿಂತ 33% ಕಡಿಮೆ! ಅಂದರೆ "ಏನೂ ಆಗಿಲ್ಲ" ಅನ್ನುತ್ತಿರುವಾಗಲೇ ತಾಯಿ ಕೈತಪ್ಪಿ ಹೋಗುತ್ತಿರಬಹುದು. 2023ರಲ್ಲಿ ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. ಅಂಥದೇ ಅಳತೆಯ ಚೀಲ, ಜೊತೆಗೆ ತಕ್ಷಣ ಒಟ್ಟಿಗೇ ಕೊಡುವ ಚಿಕಿತ್ಸೆ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಮೂರೂ ಸೇರಿ 60% ಇಳಿಯಿತು. ಅಳತೆ ಅಂದರೆ ಒಣ ಸ್ಟಾಟಿಸ್ಟಿಕ್ಸ್ ಅಂದುಕೊಂಡವರು ಇದನ್ನೊಮ್ಮೆ ಯೋಚಿಸಿ.

ಇನ್ನು ಮೇಡಂ ಹೇಳಿದ ಆ "ಟೀಚಿಂಗ್ ಪ್ರೋಗ್ರಾಂ" ಏನು ಗೊತ್ತೇ? ನರ್ಸಿಂಗ್ ಓದಿದವರಿಗೆ ಈ ಹೆಸರು ಕೇಳಿದರೇ ನಗು ಬರುತ್ತೆ. "ಆಯ್ದ ಆಸ್ಪತ್ರೆಯ ತಾಯಂದಿರಲ್ಲಿ ಇಂಥ ವಿಷಯದ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮಿನ ಪರಿಣಾಮ." ಮೊದಲು ಪ್ರಶ್ನೆ ಕೇಳು, ಆಮೇಲೆ ಪಾಠ ಮಾಡು, ವಾರ ಬಿಟ್ಟು ಅದೇ ಪ್ರಶ್ನೆ ಕೇಳು. ಮಾರ್ಕ್ಸ್ ಜಾಸ್ತಿ ಬಂದೇ ಬರುತ್ತೆ, ಬರದೇ ಏನು ಮಾಡೀತು? ಎಷ್ಟೋ ಸಲ ಹೋಲಿಸಲು ಇನ್ನೊಂದು ಗುಂಪೇ ಇರುವುದಿಲ್ಲ. ಪಾಠದಿಂದ ಯಾರ ಹೊಲಿಗೆ ತಪ್ಪಿತು, ಯಾರ ರಕ್ತ ಉಳಿಯಿತು ಅಂತ ಯಾರೂ ನೋಡುವುದಿಲ್ಲ. ಬೈಂಡಿಂಗ್ ಮಾಡಿಸಿ ಲೈಬ್ರರಿಗೆ ಸೇರಿಸಿದರೆ ಮುಗಿಯಿತು. ಇದನ್ನು ಸಂಶೋಧನೆ ಅಂತ ಕಲಿಸಿ, ಆಮೇಲೆ "ನರ್ಸಿಗೆ ಸಂಶೋಧನೆ ಯಾಕೆ" ಅಂತ ಕೇಳುವುದು! ಈಜು ಕಲಿಸಲು ಮರಳಿನ ಮೇಲೆ ಮಲಗಿಸಿ, ಇವಳಿಗೆ ನೀರು ಆಗಿಬರಲ್ಲ ಅಂದ ಹಾಗಾಯಿತು.

ಹಾಗಾದರೆ ಪುಸ್ತಕದಲ್ಲಿ ಬಂದದ್ದೆಲ್ಲ ವೇದವಾಕ್ಯವೇ? ಅಲ್ಲ, ಅದನ್ನು ತಿಳಿಯುವುದಕ್ಕೂ ಇದನ್ನೇ ಓದಬೇಕು. ಅವಧಿಗೆ ಮುಂಚೆ ಹುಟ್ಟುವ ಮಕ್ಕಳ ಶ್ವಾಸಕೋಶಕ್ಕಾಗಿ ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್, 1972ರಲ್ಲಿ ನ್ಯೂಜಿಲೆಂಡಿನಿಂದ ಬಂದ ದೊಡ್ಡ ವರ. ಅದನ್ನೇ ಆರು ಬಡ ಮತ್ತು ಮಧ್ಯಮ ದೇಶಗಳ ಹಳ್ಳಿಗಳಲ್ಲಿ ವ್ಯಾಪಕವಾಗಿ ಕೊಟ್ಟು ನೋಡಿದರು, ಬೆಳಗಾವಿ ಮತ್ತು ನಾಗಪುರವೂ ಅದರಲ್ಲಿದ್ದವು. 2015ರ ಫಲಿತಾಂಶ ನೋಡಿದರೆ ಲಾಭ ಕಾಣಲಿಲ್ಲ, ಒಟ್ಟಾರೆ ಶಿಶುಮರಣ ಹೆಚ್ಚಿತ್ತು! ಆದರೆ 2020ರಲ್ಲಿ, ನೋಡಿಕೊಳ್ಳುವ ವ್ಯವಸ್ಥೆ ಸರಿಯಿರುವ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಮಕ್ಕಳು ಉಳಿದವು. ಔಷಧ ಅದೇ, ಜಾಗ ಬೇರೆ. ತನ್ನ ಮುಂದಿರುವ ತಾಯಿಗೆ, ತನ್ನ ಆಸ್ಪತ್ರೆಗೆ ಯಾವ ಸಾಕ್ಷ್ಯ ಹೊಂದುತ್ತದೆ ಅಂತ ತೂಗಿ ನೋಡುವ ಬುದ್ಧಿ ಬಾಯಿಪಾಠದಿಂದ ಬರುತ್ತದೆಯೇ?

ಕೇಂದ್ರ ಸರಕಾರ 2018ರಲ್ಲಿ ಮಿಡ್‌ವೈಫರಿ ಮಾರ್ಗಸೂಚಿ ತಂದಿತು. ಅನುಭವ ಇರುವ ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ಸಹಜ ಹೆರಿಗೆಯ ಹೊಣೆಯನ್ನು ಅವರಿಗೇ ಒಪ್ಪಿಸುವ ಯೋಜನೆ. ಒಳ್ಳೆಯದೇ. ಆದರೆ ಹೊಣೆ ಕೊಟ್ಟು ಪ್ರಶ್ನೆ ಕೇಳುವ ಹಕ್ಕು ಕೊಡದಿದ್ದರೆ ಅವಳು ಹೊಸ ಹೆಸರಿನ ಹಳೇ ಸಿಸ್ಟರ್ ಆಗುತ್ತಾಳೆ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು, ಪ್ರಾಜೆಕ್ಟು ಲೇಬರ್ ರೂಮಿನ ರಿಜಿಸ್ಟರಿನಿಂದ ಹುಟ್ಟಲಿ. ಎಷ್ಟು ಕಟ್, ಯಾಕೆ, ಎಷ್ಟು ಜನಕ್ಕೆ ಜೊತೆಯಲ್ಲಿ ಮನೆಯವರನ್ನು ಬಿಟ್ಟರು, ಇಷ್ಟು ಎಣಿಸಲಿ. ಎರಡು, ಕಲಿಸುವವರು ತಿಂಗಳಿಗೆ ಒಂದು ಅಧ್ಯಯನವನ್ನಾದರೂ ವಿದ್ಯಾರ್ಥಿಗಳ ಜೊತೆ ಕೂತು ಓದಿ, ಅದರ ತಪ್ಪು ಹುಡುಕಲಿ. ಮೂರು, ಲೆಕ್ಕ ತೋರಿಸಿದ ಹುಡುಗಿಯ ಮೇಲೆ ಆಸ್ಪತ್ರೆ ಸಿಟ್ಟಾಗದಿರಲಿ.

ನಮ್ಮಂಥ ಹೊರನಾಡಿನವರಿಗೂ ಇದರಲ್ಲಿ ಕೆಲಸವಿದೆ. ಮಗಳ, ಸೊಸೆಯ ಹೆರಿಗೆಗೆ ಹೋದಾಗ ಬಿಲ್ ಎಷ್ಟು ಅಂತ ಕೇಳುವ ನಾವು, ಕಟ್ ಯಾಕೆ, ಮಲಗಿಸಿಯೇ ಯಾಕೆ, ನಾನು ಜೊತೆಗಿರಬಾರದು ಯಾಕೆ ಅಂತಲೂ ಕೇಳಬೇಕು. ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆಯೇ 2016ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತೆ ಅನ್ನುವುದಕ್ಕೆ 15 ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳ ಬಲವಿದೆ.

ತಂಗಿಯ ಮಗಳು ಕೊನೆಗೆ ಟೀಚಿಂಗ್ ಪ್ರೋಗ್ರಾಮೇ ತಗೊಂಡಳು, ಪಾಸಾಗಬೇಕಲ್ಲ. ಆದರೆ ಜೇಬಿನಲ್ಲಿ ಒಂದು ಚಿಕ್ಕ ಡೈರಿ ಇಟ್ಟುಕೊಂಡಿದ್ದಾಳಂತೆ. ಯಾರ ಹೆಸರೂ ಬರೆಯುವುದಿಲ್ಲ, ದಿನಕ್ಕೊಂದು ಗೆರೆ, ಕಟ್ ಆದರೆ ಅದರ ಮೇಲೆ ಅಡ್ಡಗೆರೆ. ಮಾರ್ಕ್ಸ್ ಸಿಗದ ಆ ಡೈರಿಯೇ ನಿಜವಾದ ಪ್ರಾಜೆಕ್ಟು ಅನ್ನುತ್ತೇನೆ ನಾನು.

ನೀವೇನಂತೀರಿ?