ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು

ಸ್ಯಾಕ್ಸೊಫೋನ್ ಎಂದೊಡನೆ ಕನ್ನಡಿಗರ ಕಣ್ಣೆದುರು ನಿಲ್ಲುವುದು ಕದ್ರಿ ಗೋಪಾಲನಾಥ್ (1949–2019) ನುಡಿಸುತ್ತಿದ್ದ ಆಲ್ಟೊ: ಕೆಳಗೆ ಬಾಗಿ ಮತ್ತೆ ಮೇಲಕ್ಕೆ ಅರಳಿದ ಹಿತ್ತಾಳೆಯ ವಾದ್ಯ. ಅದರ ಮರಿಯಂತೆ ಕಾಣುವ ಪುಟ್ಟ ವಾದ್ಯವೊಂದಿದೆ. ಅದೇ ಬಾಗಿದ ಸೊಪ್ರಾನೊ. ಸೊಪ್ರಾನೊ ಸಾಮಾನ್ಯವಾಗಿ ಶಹನಾಯಿಯಂತೆ ನೇರ, ಬಾಗಿದ್ದು ಅಪರೂಪ. 1920ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಇಂಥವು ಇಂದಿಗೂ ಮಾರಾಟಕ್ಕೆ ಬರುತ್ತವೆ. ಆದರೆ ಅವನ್ನು ಮಾಡಿದವರು ಯಾರು? ವಾದ್ಯದ ಬಾಯಿಯ ಮೇಲೆ ಕೆತ್ತಿದ ಹೆಸರು ಓದಿದರೆ ಸಾಲದೆ? ಸಾಲದು.

ಬೆಲ್ಜಿಯಂನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇದರ ಹುಚ್ಚು ಹಬ್ಬಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಒಂದೇ ಊರಿನಲ್ಲಿ ಕಾನ್, ಬ್ಯೂಶರ್, ಮಾರ್ಟಿನ್ ಎಂಬ ಮೂರು ದೊಡ್ಡ ಕಾರ್ಖಾನೆಗಳಿದ್ದವು. ಇವು ತಮ್ಮ ಹೆಸರಿನಲ್ಲಷ್ಟೇ ಅಲ್ಲ, ಸಂಗೀತ ವಾದ್ಯಗಳ ಅಂಗಡಿಗಳಿಗೂ ಅಂಚೆ ಮೂಲಕ ಮಾರುವ ಕಂಪೆನಿಗಳಿಗೂ ಅವರವರ ಹೆಸರು ಕೆತ್ತಿ ವಾದ್ಯ ಮಾಡಿಕೊಡುತ್ತಿದ್ದವು. ಇವಕ್ಕೆ ‘ಸ್ಟೆನ್ಸಿಲ್’ ವಾದ್ಯಗಳೆಂದು ಹೆಸರು.

ಹೆಸರು ಬದಲಾದರೂ ಕೈಕೆಲಸ ಬದಲಾಗದು. ಮೊದಲು ನೋಡಬೇಕಾದದ್ದು ಸ್ವರರಂಧ್ರಗಳ ಅಂಚು. ಮಾರ್ಟಿನ್ ಕಾರ್ಖಾನೆ ರಂಧ್ರದ ಸುತ್ತಿನ ಬಳೆಯನ್ನು ಬೇರೆಯಾಗಿ ಮಾಡಿ ಕೊಳವೆಗೆ ಬೆಸೆಯುತ್ತಿತ್ತು. ಅಂಚು ಓರೆಯಾಗಿ ತೆಳುವಾಗುತ್ತದೆ. ಉಳಿದೆರಡು ಕಾರ್ಖಾನೆಗಳು ಕೊಳವೆಯ ಹಿತ್ತಾಳೆಯನ್ನೇ ಮೇಲಕ್ಕೆಳೆದು ಬಳೆ ಮಾಡುತ್ತಿದ್ದವು. ಆ ಅಂಚನ್ನು ಹೊರಕ್ಕೆ ಸುರುಳಿ ಮಾಡಿದ್ದರೆ ಅದು ಕಾನ್ ಗುರುತು. ಆ ವಿಧಾನದ ಪೇಟೆಂಟ್ 1914ರದು.

ಹಾಗೆಂದು ಅವಸರದ ತೀರ್ಮಾನ ಸಲ್ಲದು. ಬೇರೆಯವರ ಹೆಸರಿನಲ್ಲಿ ಮಾರಿದ ಕಾನ್ ವಾದ್ಯಗಳಲ್ಲಿ ಸಾಮಾನ್ಯವಾಗಿ ಸುರುಳಿ ಅಂಚು ಇರುವುದಿಲ್ಲ. ಆದ್ದರಿಂದ ಸುರುಳಿ ಇಲ್ಲವೆಂದ ಮಾತ್ರಕ್ಕೆ ಕಾನ್ ಅಲ್ಲ ಎನ್ನಲಾಗದು. ಬ್ಯೂಶರ್ ತನ್ನ ವಾದ್ಯಗಳಲ್ಲಿ ಪ್ಯಾಡನ್ನು ಅಂಟಿಸದೆ, ನಡುವೆ ಲೋಹದ ಗುಂಡಿಯೊತ್ತಿ ಕೂರಿಸುತ್ತಿತ್ತು. ಆದರೆ ರಿಪೇರಿಯವರು ಆ ಮೊಳೆಯನ್ನೇ ಕತ್ತರಿಸಿ ತೆಗೆದಿರುವುದುಂಟು. ಸ್ಟೆನ್ಸಿಲ್ ವಾದ್ಯದ ಕ್ರಮಸಂಖ್ಯೆಯನ್ನು ಕಾರ್ಖಾನೆಯ ಪಟ್ಟಿಯಲ್ಲಿ ಹುಡುಕಿ ವರ್ಷ ಹೇಳುವುದೂ ಅಪಾಯವೇ, ಏಕೆಂದರೆ ಅದರ ಸಂಖ್ಯೆ ಬೇರೆ ಸಾಲಿನದಾಗಿರಬಹುದು. ಕೀಲಿಗಳನ್ನು ಕಾಯುವ ತಗಡಿನ ಆಕಾರ, ಕೀಲಿಗಳ ಜೋಡಣೆ ಇವನ್ನೆಲ್ಲ ತಯಾರಕರು ಖಚಿತವಾಗಿ ಗೊತ್ತಿರುವ ವಾದ್ಯದ ಪಕ್ಕದಲ್ಲಿಟ್ಟು ಹೋಲಿಸಬೇಕು. ಹಲವು ಸಾಕ್ಷಿಗಳು ಒಂದೇ ಮಾತು ಹೇಳಿದಾಗಲೇ ತೀರ್ಪು.

ತಯಾರಕರು ಯಾರೆಂದು ತಿಳಿದ ಮೇಲೂ ನೋಡಬೇಕಾದ ಒಂದು ಅಕ್ಷರ ಉಳಿದಿರುತ್ತದೆ. ಆ ಕಾಲದಲ್ಲಿ ಎರಡು ಶ್ರುತಿಗಳು ಬಳಕೆಯಲ್ಲಿದ್ದವು. ‘ಲೋ ಪಿಚ್’ನಲ್ಲಿ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ‘ಹೈ ಪಿಚ್’ನಲ್ಲಿ ಸುಮಾರು 457. ಕ್ರಮಸಂಖ್ಯೆಯ ಬಳಿ ‘ಎಲ್’ ಇದ್ದರೆ ಮೊದಲನೆಯದು, ‘ಎಚ್’ ಇದ್ದರೆ ಎರಡನೆಯದು. ಹೈ ಪಿಚ್ ವಾದ್ಯ ಇಂದಿನ ಯಾವ ಬ್ಯಾಂಡಿಗೂ ಹೊಂದದು. ಮೌತ್‌ಪೀಸನ್ನು ಹೊರಕ್ಕೆಳೆದು ಶ್ರುತಿ ಇಳಿಸಬಹುದಲ್ಲ ಎನಿಸಬಹುದು. ಆದರೆ ಹಾಗೆ ಎಳೆದಾಗ ಗಿಡ್ಡ ಕೊಳವೆಯ ಸ್ವರಗಳು ಹೆಚ್ಚು ಇಳಿಯುತ್ತವೆ, ಉದ್ದ ಕೊಳವೆಯ ಸ್ವರಗಳು ಕಡಿಮೆ. ಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಇಂಥ ವಾದ್ಯ ಕೈಗೆ ಬಂದ ಮಗು ಎಷ್ಟು ಸಾಧನೆ ಮಾಡಿದರೂ ಅಪಶ್ರುತಿಯೇ. ಕೊನೆಗೆ ತನಗೆ ಸಂಗೀತದ ಕಿವಿಯೇ ಇಲ್ಲವೆಂದು ನಂಬಿ ಕೈಬಿಡಬಹುದು!

ಆದ್ದರಿಂದ ಹಳೆಯ ವಾದ್ಯ ಕೊಳ್ಳುವ ತಂದೆತಾಯಂದಿರು ಕೆತ್ತನೆಯ ಸೊಬಗಿಗೆ ಮರುಳಾಗದೆ, ಬಲ್ಲವರಿಂದ ನುಡಿಸಿ ನೋಡಿ, ಆ ಪುಟ್ಟ ಅಕ್ಷರವನ್ನು ಹುಡುಕಿ ಹಣ ಕೊಡುವುದು ಲೇಸು. ಇತಿಹಾಸ ಓದುವ ವಿದ್ಯಾರ್ಥಿಗಳಿಗೂ ಇದರಲ್ಲೊಂದು ಪಾಠವಿದೆ: ವಸ್ತುವಿನ ಮೇಲೆ ಬರೆದದ್ದು ಒಂದು ಸಾಕ್ಷಿ, ಆ ವಸ್ತುವೇ ಇನ್ನೊಂದು. ಎರಡೂ ಹೊಂದದಿದ್ದಾಗ ವಸ್ತುವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು.