ತರಬೇತಿಯ ನಡುವೆ ಮರಳಿದವರು

ನಮ್ಮ ಭಾಗದ ಶಾಲೆಗಳು ಹೊರತರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಒಂದು ಪುಟ ತಪ್ಪದೆ ಕಾಣಸಿಗುತ್ತದೆ. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಎಂಬ ತಲೆಬರಹದ ಕೆಳಗೆ ವೈದ್ಯರು, ಅಭಿಯಂತರು, ಪ್ರಾಧ್ಯಾಪಕರು, ಸಹಕಾರಿ ಧುರೀಣರು ಸಾಲಾಗಿ ನಿಂತಿರುತ್ತಾರೆ. ಅವರ ನಡುವೆ ಸೇನೆಯ ಸಮವಸ್ತ್ರ ಧರಿಸಿದ ಒಂದೆರಡು ಮುಖಗಳಿದ್ದರೆ ವಾಚಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದು ಯೋಗ್ಯವೇ ಆಗಿದೆ. ಆದರೆ ಈ ಪುಟದಲ್ಲಿ ಒಂದು ಕೊರತೆಯುಂಟು. ಆಯ್ಕೆಯಾದ ದಿನವೇ ಹುಡುಗನನ್ನು ಅದು ಸೇರಿಸಿಕೊಳ್ಳುತ್ತದೆ. ತರಬೇತಿ ಪೂರೈಸದೆ ಅವನು ಮರಳಿ ಬಂದರೆ ಮರುವರ್ಷ ಸದ್ದಿಲ್ಲದೆ ಕೈಬಿಡುತ್ತದೆ. ಈ ಲೇಖನದ ವಿಷಯ, ಹಾಗೆ ಕೈಬಿಟ್ಟುಹೋದ ಹುಡುಗ.

ಅವನು ಏರಿದ ಮೆಟ್ಟಿಲುಗಳನ್ನು ಮೊದಲು ಲೆಕ್ಕ ಹಾಕೋಣ. ವಾಯುದಳದ ವಿಮಾನಚಾಲಕನಾಗಬಯಸುವವನು ಹನ್ನೆರಡನೆಯ ತರಗತಿಯ ನಂತರ ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಹೋಗಬಹುದು, ಇಲ್ಲವೆ ಪದವಿಯ ನಂತರ ಬೇರೆ ಪರೀಕ್ಷೆಗಳ ಮೂಲಕ ಹೋಗಬಹುದು. ಬರಹದ ಪರೀಕ್ಷೆಯಾದ ಮೇಲೆ ಮೈಸೂರಿನಂತಹ ಆಯ್ಕೆ ಮಂಡಳಿಯ ಮುಂದೆ ಐದು ದಿನಗಳ ಪರೀಕ್ಷೆ. ಅನಂತರ ಚಾಲನಾ ಸಾಮರ್ಥ್ಯದ ಪರೀಕ್ಷೆ. ಈ ಕೊನೆಯದನ್ನು ಜೀವಮಾನದಲ್ಲಿ ಒಂದೇ ಸಲ ಎದುರಿಸಬಹುದು; ತಪ್ಪಿದವನಿಗೆ ಚಾಲಕ ವಿಭಾಗದ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆಯೇ. ಕಣ್ಣು, ಕಿವಿ, ಬೆನ್ನೆಲುಬು, ಕಾಲಿನ ಉದ್ದ ಎಲ್ಲವನ್ನೂ ಅಳೆಯುವ ವೈದ್ಯಕೀಯ ತಪಾಸಣೆ ಬೇರೆ. ಇದಿಷ್ಟನ್ನೂ ದಾಟಿ ಹೈದರಾಬಾದಿನ ಸಮೀಪದ ದುಂಡಿಗಲ್ ವಾಯುದಳ ಅಕಾಡೆಮಿಗೆ ಕಾಲಿಟ್ಟ ಹುಡುಗನು, ಮುಂದೆ ಏನೇ ಆಗಲಿ, ಸಾಮಾನ್ಯನಲ್ಲ.

ಇನ್ನು ತರಬೇತಿಯ ಸ್ವರೂಪ. ನಮ್ಮ ನಾಡಿಗೂ ಇದಕ್ಕೂ ಹಳೆಯ ನಂಟಿದೆ. ದೇಶದ ಯುವಚಾಲಕರು ದಶಕಗಳ ಕಾಲ ಮೊದಲು ಕೈಹಚ್ಚಿದ ಎಚ್‌ಟಿ-2 ವಿಮಾನವು 1951ರಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದನ್ನು ರೂಪಿಸಿದವರು ಡಾ. ವಿ. ಎಂ. ಘಾಟಗೆಯವರು. ಅದರ ಹಿಂದೆ ಬಂದ ಕಿರಣ್, ಎಚ್‌ಪಿಟಿ-32 ವಿಮಾನಗಳೂ ಬೆಂಗಳೂರಿನವೇ. ಎಚ್‌ಪಿಟಿ-32ನ್ನು 2009ರಲ್ಲಿ ಇಬ್ಬರು ಚಾಲಕರು ಮಡಿದ ಅಪಘಾತದ ಬಳಿಕ ನೆಲಕ್ಕಿಳಿಸಲಾಯಿತು. 2013ರಲ್ಲಿ ಸ್ವಿಸ್ ದೇಶದ ಪಿಲಾಟಸ್ ಬರುವವರೆಗೆ ಹೊಸಬರು ನೇರವಾಗಿ ಜೆಟ್ ವಿಮಾನವಾದ ಕಿರಣ್‌ನಲ್ಲೇ ಕಲಿಯಬೇಕಾಯಿತು. ಬೀದರಿನ ವಾಯುನೆಲೆಯಂತೂ 1963ರಿಂದ ಹಾರಾಟ ಕಲಿಸುತ್ತಿದೆ. ಇಂದು ಯುದ್ಧವಿಮಾನಕ್ಕೆ ಆಯ್ಕೆಯಾದವರು ಅಲ್ಲಿ ಹಾಕ್ ವಿಮಾನದಲ್ಲಿ ಪಳಗುತ್ತಾರೆ.

ಈ ಪಾಠಶಾಲೆಗೂ ನಮ್ಮ ಪಾಠಶಾಲೆಗೂ ಇರುವ ಮುಖ್ಯ ವ್ಯತ್ಯಾಸವನ್ನು ಶಿಕ್ಷಕ ಬಂಧುಗಳು ಕೂಡಲೇ ಗ್ರಹಿಸಬಲ್ಲರು. ನಮ್ಮಲ್ಲಿ ಬೀಜಗಣಿತ ತಿಳಿಯದ ಹುಡುಗನಿಗೆ ಮತ್ತೊಮ್ಮೆ ಹೇಳುತ್ತೇವೆ, ಸಂಜೆ ಕೂಡ್ರಿಸಿಕೊಂಡು ಹೇಳುತ್ತೇವೆ, ಕೊನೆಗೆ ಮತ್ತೊಂದು ವರ್ಷ ಕೊಡುತ್ತೇವೆ. ಅಲ್ಲಿ ಕಲಿಕೆಯನ್ನು ಅಳೆಯುವುದು ಹಾರಾಟದ ತಾಸುಗಳಲ್ಲಿ. ಬೋಧಕನೊಡನೆ ಇಷ್ಟು ತಾಸು ಹಾರಿದ ಮೇಲೆ ಒಂಟಿಯಾಗಿ ಹಾರಲು ಸಿದ್ಧನಾಗಿರಬೇಕು. ಆಗದಿದ್ದರೆ ಹೆಚ್ಚುವರಿಯಾಗಿ ಕೆಲವು ಹಾರಾಟ, ಬೇರೊಬ್ಬ ಬೋಧಕನ ಪರಿಶೀಲನೆ, ಮೇಲಧಿಕಾರಿಯ ಪರಿಶೀಲನೆ. ಅಲ್ಲಿಗೂ ಕೈಕೂಡದಿದ್ದರೆ ಹಾರಾಟದಿಂದ ತೆಗೆದುಬಿಡುತ್ತಾರೆ. ಒಬ್ಬನಿಗೆ ಇಳಿಯುವಾಗ ನೆಲದ ಅಂತರ ಕಣ್ಣಳತೆಗೆ ನಿಲುಕುವುದಿಲ್ಲ. ಇನ್ನೊಬ್ಬನಿಗೆ ವಿಮಾನ ಮಗುಚಿದೊಡನೆ ಹೊಟ್ಟೆ ತೊಳಸುತ್ತದೆ. ವಾರಗಳು ಕಳೆದರೂ ಅದು ನಿಲ್ಲುವುದಿಲ್ಲ. ಮತ್ತೊಬ್ಬನು ಎಲ್ಲವನ್ನೂ ಬಲ್ಲ, ಆದರೆ ತಡವಾಗಿ ಮಾಡುತ್ತಾನೆ. ಇನ್ನೂ ಹತ್ತು ತಾಸು ಸಿಕ್ಕಿದ್ದರೆ ಅವನೂ ಕಲಿಯುತ್ತಿದ್ದನೇನೋ! ಆದರೆ ಆಕಾಶದಲ್ಲಿ ತಡವಾಗಿ ಬಂದ ಉತ್ತರವು ಪ್ರಾಣಕ್ಕೆ ಎರವಾಗುತ್ತದೆ, ಅದೂ ಅವನೊಬ್ಬನ ಪ್ರಾಣಕ್ಕಲ್ಲ. ಆದ್ದರಿಂದ ಈ ನಿಯಮವನ್ನು ಕ್ರೂರವೆಂದು ನಾನು ಕರೆಯಲಾರೆ. ಅದು ಹುಡುಗನ ಬಗೆಗೆ ಹೇಳುವುದು ಒಂದೇ ಮಾತು: ನಿಗದಿತ ಅವಧಿಯಲ್ಲಿ ಈ ಒಂದು ವಿದ್ಯೆ ಇವನಿಗೆ ಒಲಿಯಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಸೇರಿಸುವವರು ಊರಿನವರು.

ಹೀಗೆ ತೆಗೆದವರೆಲ್ಲರೂ ಮನೆಗೇ ಬರುತ್ತಾರೆಂದಲ್ಲ. ಕೆಲವರಿಗೆ ವಾಯುದಳದಲ್ಲಿಯೇ ನೆಲದ ಮೇಲಿನ ವಿಭಾಗಗಳು ದೊರೆಯುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಚಾಲಕರಾಗದೆ ಉಳಿದ ಸಾವಿರಾರು ತರುಣರು ದಾರಿ ತೋರುವವರಾಗಿ, ನಿಸ್ತಂತು ನಿರ್ವಾಹಕರಾಗಿ ಅದೇ ವಿಮಾನಗಳಲ್ಲಿ ಹಾರಿದರು. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುವತಿಯರು ದೇಶದ ಮೊದಲ ಯುದ್ಧವಿಮಾನ ಚಾಲಕಿಯರಾಗಿ ದುಂಡಿಗಲ್‌ನಿಂದ ಹೊರಬಂದು ನಮ್ಮ ಬೀದರಿಗೆ ಬಂದುದನ್ನು ಎಲ್ಲರೂ ಬಲ್ಲರು. ಆ ಸ್ಥಾನಕ್ಕಾಗಿ ತರಬೇತಿಯಲ್ಲಿದ್ದವರು ಆರು ಮಂದಿ. ಉಳಿದ ಮೂವರ ಹೆಸರನ್ನು ಯಾರೂ ಕೇಳಲಿಲ್ಲ.

ತಾನಾಗಿ ಬಿಟ್ಟುಬಂದವನ ಪಾಡು ಇನ್ನೂ ಕಠಿಣ. ವೈಯಕ್ತಿಕ ಕಾರಣದಿಂದ ಹಿಂದೆಗೆದರೆ ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕೆಂಬ ಕರಾರು ಇರುತ್ತದೆ. ಖಡಕ್‌ವಾಸ್ಲಾಕ್ಕೆ ಹೋಗುವ ಹುಡುಗನ ಪಾಲಕರೇ ಅದಕ್ಕೆ ರುಜು ಹಾಕಿರುತ್ತಾರೆ. ಮುಂಡರಗಿಯ ಕಡೆಯ ಒಣಬೇಸಾಯದ ಮನೆತನಕ್ಕೆ ಅದರ ಅರ್ಥವೇನೆಂದು ವಿವರಿಸಬೇಕಿಲ್ಲ. ತರಬೇತಿಯಲ್ಲಿ ಗಾಯಗೊಂಡು ಬಂದವನಿಗೆ ಈ ಭಾರವಿಲ್ಲ, ಆದರೆ ಬೇರೊಂದಿದೆ. ಅಧಿಕಾರಿಯಾಗಿ ನಿಯುಕ್ತಿ ಹೊಂದುವ ಮೊದಲೇ ಅಂಗವಿಕಲನಾದ ಕೆಡೆಟ್‌ನು ಕಾನೂನಿನ ದೃಷ್ಟಿಯಲ್ಲಿ ಮಾಜಿ ಸೈನಿಕನೇ ಅಲ್ಲ. 1985ರಿಂದೀಚೆಗೆ ಮೂರೂ ದಳಗಳ ಅಕಾಡೆಮಿಗಳಿಂದ ಹೀಗೆ ಹೊರಬಿದ್ದವರು ಸುಮಾರು 500 ಮಂದಿ ಎಂದೂ, ಅವರಿಗೆ ದೊರೆಯುವುದು ತಿಂಗಳಿಗೆ ಹೆಚ್ಚೆಂದರೆ 40,000 ರೂಪಾಯಿಗಳ ಅನುಗ್ರಹ ಧನವೆಂದೂ ಪತ್ರಿಕೆಯೊಂದು ಬರೆಯಿತು. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಪೀಠದಲ್ಲಿದ್ದವರು ನಮ್ಮ ನಾಡಿನ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರು. ಆ ತಿಂಗಳು ಮುಗಿಯುವುದರೊಳಗೆ ಮಾಜಿ ಸೈನಿಕರ ವೈದ್ಯಕೀಯ ಯೋಜನೆಯನ್ನು ಸರಕಾರವು ಇವರಿಗೂ ವಿಸ್ತರಿಸಿತು. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದುದು ಮೂರು ವಾರಗಳಲ್ಲಿ ಕಂಡಿತು.

ಈಗ ಊರಿನ ಮಾತು. ಶಿರಹಟ್ಟಿಯಿಂದಲೋ ಲಕ್ಷ್ಮೇಶ್ವರದಿಂದಲೋ ಒಬ್ಬ ಹುಡುಗ ಆಯ್ಕೆಯಾದನೆಂದು ಇಟ್ಟುಕೊಳ್ಳಿರಿ. ಬಸ್ ನಿಲ್ದಾಣದೆದುರು ಫಲಕ, ಶಾಲೆಯಲ್ಲಿ ಸತ್ಕಾರ, ಶಾಲು, ಹಾರ, ಪತ್ರಿಕೆಯಲ್ಲಿ ಭಾವಚಿತ್ರ. ಹತ್ತು ತಿಂಗಳ ನಂತರ ಅವನು ಗದಗ ನಿಲ್ದಾಣದಲ್ಲಿ ರಾತ್ರಿಯ ಗಾಡಿಯಿಂದ ಇಳಿಯುತ್ತಾನೆ. ಹಗಲು ಗಾಡಿಗೆ ಬರಲು ಮನಸ್ಸಾಗುವುದಿಲ್ಲ. ‘ರಜೆಯೇ?’ ಎಂದು ಕೇಳಿದವರಿಗೆ ಹೌದೆನ್ನುತ್ತಾನೆ. ರಜೆ ಎರಡು ತಿಂಗಳಾದಾಗ ಕಣ್ಣಿನ ದೋಷವೆನ್ನುತ್ತಾನೆ. ಬಳಿಕ ಬೆಂಗಳೂರಿಗೋ ಪುಣೆಗೋ ಹೋಗಿ ಊರಿನ ಸಂಪರ್ಕವನ್ನೇ ಕಡಿದುಕೊಳ್ಳುತ್ತಾನೆ.

ಈ ಸುಳ್ಳು ಎಷ್ಟು ದೂರ ಬೆಳೆಯಬಲ್ಲದೆಂಬುದಕ್ಕೆ ಅಮೆರಿಕೆಯ ಕಾದಂಬರಿಕಾರ ವಿಲಿಯಂ ಫಾಕ್ನರ್‌ನಿಗಿಂತ ದೊಡ್ಡ ಸಾಕ್ಷಿ ಬೇಡ. ಇಂಗ್ಲಿಷ್ ಕಲಿಸುವ ಮಿತ್ರರಿಗೆ ಆತ ಸುಪರಿಚಿತ. 1949ನೆಯ ಸಾಲಿನ ನೊಬೆಲ್ ಪಡೆದವನು. 1918ರ ಜುಲೈಯಲ್ಲಿ ಆತ ಕೆನಡದ ಟೊರಾಂಟೊದಲ್ಲಿ ಬ್ರಿಟಿಷ್ ವಾಯುದಳದ ಕೆಡೆಟ್ ಆಗಿ ಸೇರಿದ. ನವೆಂಬರ್ 11ಕ್ಕೆ ಯುದ್ಧವೇ ಮುಗಿದು ತರಬೇತಿ ನಿಂತುಹೋಯಿತು. ಅದರಲ್ಲಿ ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೂ ಆತ ಮಿಸಿಸಿಪಿಯ ತನ್ನ ಊರಿಗೆ ಅಧಿಕಾರಿಯ ಉಡುಪು ಧರಿಸಿ, ಗಾಯಗೊಂಡವನಂತೆ ಕುಂಟುತ್ತ ಬಂದ. ಯುದ್ಧದಲ್ಲಿ ವಿಮಾನ ಬಿದ್ದ ಕಥೆಗಳನ್ನು ವರ್ಷಗಟ್ಟಲೆ ಹೇಳಿದ. ಅವನ ಮೊದಲ ಕಾದಂಬರಿ ‘ಸೋಲ್ಜರ್ಸ್ ಪೇ’ಯಲ್ಲಿ ನಿಜವಾಗಿ ಗಾಯಗೊಂಡ ವಿಮಾನಿಕನ ಜತೆಗೆ, ಯುದ್ಧ ತಪ್ಪಿಹೋದ ಒಬ್ಬ ಕೆಡೆಟ್‌ನೂ ಇದ್ದಾನೆ. ಆ ಕೆಡೆಟ್‌ನ ಅಸೂಯೆಯನ್ನು ಬರೆಯಲು ಫಾಕ್ನರ್‌ನು ದೂರ ಹೋಗಬೇಕಾಗಿರಲಿಲ್ಲ. ಅಂತಹ ಪ್ರತಿಭಾವಂತನಿಗೇ ಬರಿಗೈಯಲ್ಲಿ ಊರು ಹೊಗಲು ಧೈರ್ಯ ಬಾರದಿದ್ದರೆ ಇಪ್ಪತ್ತು ವರ್ಷದ ನಮ್ಮ ಹುಡುಗನನ್ನು ದೂಷಿಸುವುದೆಂತು?

ಇಂತಹ ಹುಡುಗನಿಗೆ ನಾವು ಹೇಳುವ ಸಮಾಧಾನವೊಂದು ಸಿದ್ಧವಾಗಿಯೇ ಇದೆ: ‘ಅಬ್ದುಲ್ ಕಲಾಂ ಅವರೂ ವಾಯುದಳಕ್ಕೆ ಆಯ್ಕೆಯಾಗಲಿಲ್ಲವಲ್ಲ!’ ನಿಜ. ಡೆಹ್ರಾಡೂನಿನಲ್ಲಿ ಇಪ್ಪತ್ತೈದು ಮಂದಿಯಲ್ಲಿ ಒಂಬತ್ತನೆಯವರಾಗಿ, ಎಂಟೇ ಸ್ಥಾನಗಳಿದ್ದುದರಿಂದ ಅವರು ಹೊರಗುಳಿದರು. ಆದರೆ ಅವರ ಕೈಯಲ್ಲಿ ಆಗಲೇ ವಿಮಾನಶಾಸ್ತ್ರದ ಅಭಿಯಂತರ ವಿದ್ಯೆಯಿತ್ತು. ರಕ್ಷಣಾ ಇಲಾಖೆಯ ತಾಂತ್ರಿಕ ವಿಭಾಗದ ಕೆಲಸವೂ ಒದಗಿತು. ಹೊಸ್ತಿಲಲ್ಲಿ ನಿಂತು ಮರಳುವುದು ಬೇರೆ, ಒಳಹೊಕ್ಕು ಹೊರಬೀಳುವುದು ಬೇರೆ. ಮಗನಿಗೆ ರಾಷ್ಟ್ರಪತಿಯ ಉದಾಹರಣೆ ಕೊಟ್ಟು ತಂದೆಯು ಕೈತೊಳೆದುಕೊಂಡರೆ ಅದು ಸಮಾಧಾನವಲ್ಲ, ಇನ್ನೊಂದು ಪರೀಕ್ಷೆ.

ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರನ್ನೂ ಹೇಳುವವರುಂಟು. ಗೊರೂರಿನ ಶಾಲಾ ಶಿಕ್ಷಕರ ಮಗ. ಭೂಸೇನೆಯನ್ನು ಎಳೆಯ ವಯಸ್ಸಿನಲ್ಲೇ ಬಿಟ್ಟು, ಹೇಮಾವತಿಯಲ್ಲಿ ಮುಳುಗಿದ ಹೊಲಕ್ಕೆ ಬದಲಾಗಿ ಜಾವಗಲ್ಲಿನಲ್ಲಿ ದೊರೆತ ಬರಡು ನೆಲವನ್ನು ಉತ್ತರು. ಹಲವು ಕೃಷಿಗಳಲ್ಲಿ ಕೈಸುಟ್ಟುಕೊಂಡರು. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಈ ಉದಾಹರಣೆ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಇದರಲ್ಲಿ ನಡುವಣ ಕಷ್ಟದ ವರ್ಷಗಳು ಅಡಗಿಲ್ಲ. ಆದರೂ ಅವರು ಬಿಟ್ಟುಬಂದುದು ಸೇವೆಯನ್ನು, ತರಬೇತಿಯನ್ನಲ್ಲ. ‘ಕ್ಯಾಪ್ಟನ್’ ಎಂಬ ಪದವಿ ಅವರೊಡನೆ ಹೊಲಕ್ಕೂ ಬಂದಿತು. ನಮ್ಮ ಹುಡುಗನ ಹೆಸರಿನ ಹಿಂದೆ ಅಂತಹದೇನೂ ಇಲ್ಲ.

ಆದ್ದರಿಂದ ಅವನಿಗೆ ಬೇಕಾದುದು ಮಹಾಪುರುಷರ ಕಥೆಯಲ್ಲ. ಒಂದು ವರ್ಷದ ಅವಕಾಶ. ನಮ್ಮ ಸಂಸ್ಥೆಗಳಲ್ಲಿ ದಾನಿಗಳು ಇಟ್ಟ ದತ್ತಿನಿಧಿಗಳು ಪ್ರಥಮ ಸ್ಥಾನ ಪಡೆದವರಿಗೆ, ಗಣಿತದಲ್ಲಿ ಅತ್ಯಧಿಕ ಅಂಕ ಗಳಿಸಿದವರಿಗೆ ಮೀಸಲಾಗಿವೆ. ನಡುವೆ ನಿಂತ ವಿದ್ಯಾಭ್ಯಾಸವನ್ನು ಮತ್ತೆ ಆರಂಭಿಸುವವನಿಗೆಂದು ಇಟ್ಟ ದತ್ತಿಯನ್ನು ನಾನಂತೂ ಕಂಡಿಲ್ಲ. ಬೆಟಗೇರಿಯ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಳೆ ತುಂಡಾದರೆ ಅವರು ಹಾಸನ್ನೇ ಎಸೆಯುವುದಿಲ್ಲ. ಸೇನೆಗೆ ಹೋಗುವವರನ್ನು ಬೀಳ್ಕೊಡುವ ಸಮಾರಂಭದ ಖರ್ಚನ್ನು ಅರ್ಧಕ್ಕೆ ಇಳಿಸಿ ಉಳಿದುದನ್ನು ಇಂತಹ ನಿಧಿಗೆ ಹಾಕಿದರೂ ಆರಂಭವಾದೀತು. ಹೀಗೆ ಮಾಡಿದರೆ ಹುಡುಗರ ಛಲ ಸಡಿಲವಾಗುತ್ತದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಮರಳಿ ಬರಲು ಮನೆಯಿದೆಯೆಂದು ತಿಳಿದವನು ಹಗುರಾಗಿ ಹೊರಡುತ್ತಾನೆಂಬ ಅವರ ಮಾತನ್ನು ನಾನು ಒಪ್ಪಲಾರೆ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಓಡುವ ಹುಡುಗನು ದತ್ತಿನಿಧಿಯನ್ನು ನೆನೆದು ನಿಲ್ಲುವುದಿಲ್ಲ.

ಶಾಲೆಗೂ ಇದರಿಂದ ಲಾಭವುಂಟು. ಆರು ತಿಂಗಳು ಅಕಾಡೆಮಿಯಲ್ಲಿದ್ದವನು ಹವಾಮಾನಶಾಸ್ತ್ರ, ನಕಾಶೆ ಓದುವಿಕೆ, ಎಂಜಿನಿನ ರಚನೆ, ವಿಮಾನವು ಗಾಳಿಯಲ್ಲಿ ನಿಲ್ಲುವ ತತ್ತ್ವ ಇವುಗಳನ್ನು ಪುಸ್ತಕದಿಂದಷ್ಟೇ ಅಲ್ಲ, ಅಂಗೈಯಿಂದ ಬಲ್ಲವನು. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಅವುಗಳ ಅಲಗಿಗೂ ವಿಮಾನದ ರೆಕ್ಕೆಗೂ ತತ್ತ್ವ ಒಂದೇ. ಒಂಬತ್ತನೆಯ ತರಗತಿಯ ಹುಡುಗರನ್ನು ಒಂದು ಶನಿವಾರ ಗುಡ್ಡಕ್ಕೆ ಕರೆದೊಯ್ದು ಅದನ್ನು ವಿವರಿಸುವಂತೆ ಅವನನ್ನು ಕೇಳಬಹುದು, ಗೌರವಧನವನ್ನೂ ಕೊಡಬಹುದು. ಸಂಪಾದಕ ಮಂಡಳಿಗೆ ಇನ್ನೊಂದೇ ಬಿನ್ನಹ: ಬರುವ ಸಂಚಿಕೆಯ ಆ ಪುಟದಲ್ಲಿ ಅವನ ಹೆಸರನ್ನು, ಅವನು ಒಪ್ಪಿದರೆ, ಉಳಿಸಿರಿ, ತರಬೇತಿಗೆ ಹೋದ ವರ್ಷವನ್ನೂ ಬಂದ ವರ್ಷವನ್ನೂ ಬರೆದು, ಈಗ ಏನು ಮಾಡುತ್ತಿರುವನೆಂಬುದನ್ನು ಎಲ್ಲರಿಗೂ ಹಾಕುವ ಅಕ್ಷರದಲ್ಲಿಯೇ ಅಚ್ಚು ಹಾಕಿಸಿರಿ.